ಬ್ಲಾಕ್‌ಸ್ಪಾಟ್ ಆಚೆಗಿನ ಸಾವುಗಳು

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಕೆಲವೇ ವಾರಗಳಲ್ಲಿ ಅಪಘಾತಗಳಿಗೆ ಕುಖ್ಯಾತವಾಯಿತು. ಮೇ ತಿಂಗಳಲ್ಲಿ 29 ಸಾವು, ಜೂನ್‌ನಲ್ಲಿ 28. ಆಗಿನ ಸಂಚಾರ ಎಡಿಜಿಪಿ ಅಲೋಕ್ ಕುಮಾರ್ ರಸ್ತೆಯುದ್ದಕ್ಕೂ ತಪಾಸಣೆ ನಡೆಸಿದರು. ಸ್ಪೀಡ್ ಗನ್ ಹಿಡಿದ ಪೊಲೀಸರು ಬಂದು ನಿಂತರು, ಗಂಟೆಗೆ 100 ಕಿ.ಮೀ. ಮೀರಿದವರಿಗೆ ದಂಡ ಬಿತ್ತು. ಜುಲೈನಲ್ಲಿ ಸತ್ತವರು 8 ಮಂದಿ.

ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟದ್ದು ಆಗಸ್ಟ್ 1ರಿಂದ. ಅಂದರೆ ನಿಷೇಧಕ್ಕೂ ಮುನ್ನವೇ ಸಾವು ಇಳಿದಿತ್ತು. ಒಂದು ತಿಂಗಳ ಲೆಕ್ಕ ನೋಡಿ ತೀರ್ಪು ಕೊಡಲಾಗದು, ನಿಜ. ಶರವೇಗದ ಕಾರಿನ ಮುಂದೆ ಟ್ರ್ಯಾಕ್ಟರ್ ತೆವಳಿದರೆ ಅಪಾಯವೆಂಬುದೂ ಸುಳ್ಳಲ್ಲ. ಆದರೂ ಕಾರಿನವರ ವೇಗಕ್ಕೆ ಕಡಿವಾಣ ಬಿದ್ದೊಡನೆ ಇಷ್ಟು ಬದಲಾವಣೆ ಕಂಡಿದ್ದು ಗಮನಿಸಬೇಕಾದ ಸಂಗತಿ. ವರ್ಷದ ಸಾವು 2023ರ 188ರಿಂದ 2024ರಲ್ಲಿ 50ಕ್ಕೆ ಇಳಿಯಿತು.

ರಸ್ತೆಯಲ್ಲಿ ಸಾಯುವವರು ಯಾರೆಂಬುದನ್ನು ದೇಶದ ಲೆಕ್ಕ ಹೇಳುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19.5ರಷ್ಟು ನಡೆದು ಹೋಗುತ್ತಿದ್ದವರು. ಹೆದ್ದಾರಿ ಕಟ್ಟುವಾಗ ಕಡೆಗೆ ನೆನಪಾಗುವವರೂ ಇವರೇ. ಕೆಳಸೇತುವೆ, ಪಾದಚಾರಿ ಮೇಲ್ಸೇತುವೆ, ಸರ್ವಿಸ್ ರಸ್ತೆ ಎಲ್ಲ ‘ಆಮೇಲೆ’.

ಲೆಕ್ಕ ಹಾಕುವ ಕ್ರಮದಲ್ಲೂ ಒಂದು ತೊಡಕಿದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೇ 10 ಮಂದಿ ಸತ್ತರೆ ಅದು ಬ್ಲಾಕ್‌ಸ್ಪಾಟ್. ಒಂದೇ ಕಡೆ ಗುಂಪುಗೂಡಿದ ಸಾವು ಇಲ್ಲಿ ಕಣ್ಣಿಗೆ ಬೀಳುತ್ತದೆ. ಹತ್ತು ಊರುಗಳ ಮುಂದೆ, ಊರಿಗೊಬ್ಬರಂತೆ, ಹಾಲಿನ ಡೇರಿಗೋ ಶಾಲೆಗೋ ರಸ್ತೆ ದಾಟುವಾಗ ಸತ್ತವರು ಈ ಜರಡಿಯಲ್ಲಿ ಸೋರಿಹೋಗುತ್ತಾರೆ. ಹತ್ತು ಊರಿನದೂ ಒಂದೇ ಕಾಯಿಲೆಯಾಗಿದ್ದರೂ ದುರಸ್ತಿಯ ಹಣ ಅತ್ತ ಸುಳಿಯುವುದಿಲ್ಲ.

ಎಫ್‌ಐಆರ್ ಕೂಡ ಹೆಚ್ಚಿನ ಬೆಳಕು ಚೆಲ್ಲದು. ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಬರೆದರೆ ಮುಗಿಯಿತು. ಬೀದಿದೀಪ ಇತ್ತೇ, ಡಿವೈಡರ್ ಒಡೆದಿತ್ತೇ ಎಂದು ಕೇಳುವವರು ಕಡಿಮೆ.

ಐಐಟಿ ಮದ್ರಾಸ್ ಮತ್ತು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ ‘ಐರಾಡ್’ ಆ್ಯಪ್ ಈ ಕೊರತೆ ತುಂಬಬಲ್ಲದು. ಮೊದಲು ಜಾರಿಗೆ ತಂದ 6 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಸ್ಥಳದಿಂದಲೇ ಜಿಪಿಎಸ್ ಗುರುತು, ಫೋಟೊ ಸಮೇತ ವಿವರ ದಾಖಲಿಸುತ್ತಾರೆ. ರಸ್ತೆ ಎಂಜಿನಿಯರ್ ತನ್ನ ವರದಿ ಸೇರಿಸಬೇಕು. ಅಲ್ಲಿಗೆ ತಪ್ಪು ಚಾಲಕನದೋ ರಸ್ತೆಯದೋ ಎಂಬ ಪ್ರಶ್ನೆಗಾದರೂ ಜಾಗ ಸಿಕ್ಕಂತಾಯಿತು.

ಆದರೆ ಈ ಮಾಹಿತಿ ಕಚೇರಿಯ ಕಂಪ್ಯೂಟರಿನಲ್ಲೇ ಉಳಿದರೆ ರಸ್ತೆ ಬದಿಯ ಊರಿಗೆ ಏನೂ ದಕ್ಕದು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ತಮ್ಮ ಗಡಿಯೊಳಗೆ ಎಲ್ಲಿ, ಎಷ್ಟು ಹೊತ್ತಿಗೆ, ಎಂಥವರು ಸತ್ತರೆಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳು ಆ ಸಮಿತಿಯಿಂದ ಕೇಳಿ ಪಡೆಯಲಿ, ಗ್ರಾಮಸಭೆಯಲ್ಲಿ ಓದಿಸಲಿ.