ಗುಜರಿ ಲೋಹ ಸಂಗ್ರಹಣೆ: ಗ್ರಾಮೀಣ ಯುವಕರಿಗೆ ಒಂದು ಉಪಕಸುಬು



ನಮ್ಮ ಹೊಲಮನೆಗಳ ಸುತ್ತ ಒಮ್ಮೆ ಕಣ್ಣು ಹಾಯಿಸಿ ನೋಡಿರಿ. ಸವೆದ ನೇಗಿಲ ಗುಳ, ಮುರಿದ ಕುಂಟೆಯ ಕುಡ, ಹಳೆಯ ಗಾಡಿ ಚಕ್ರದ ಕಬ್ಬಿಣದ ಪಟ್ಟಿ, ಸುಟ್ಟುಹೋದ ಪಂಪ್‌ಸೆಟ್ ಮೋಟಾರು, ತುಕ್ಕು ಹಿಡಿದ ತಗಡು, ಕೆಟ್ಟ ಸಿಂಪರಣಾ ಯಂತ್ರ, ಹೀಗೆ ಏನಾದರೊಂದು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದೇ ಇರುತ್ತದೆ. ನಮಗೆ ಅದು ಕಸ. ಆದರೆ ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗಗಳ ಎರಕದ ಕಾರ್ಖಾನೆಗಳಿಗೆ ಅದು ಕಚ್ಚಾ ವಸ್ತು. ಲೋಹವನ್ನು ಎಷ್ಟು ಸಲ ಕರಗಿಸಿದರೂ ಮತ್ತೆ ಬಳಸಬಹುದು. ಅಲ್ಯೂಮಿನಿಯಂ ಅನ್ನು ಅದಿರಿನಿಂದ ತಯಾರಿಸಲು ಬೇಕಾಗುವ ಶಕ್ತಿಯ ಸುಮಾರು ಶೇಕಡಾ ೫ರಷ್ಟು ಮಾತ್ರ ಅದನ್ನು ಮರುಕರಗಿಸಲು ಸಾಕು. ಗುಜರಿಗೆ ಬೆಲೆ ಬರುವುದು ಈ ಕಾರಣದಿಂದಲೇ.

ಬೇಸಾಯದ ಕೆಲಸ ಕಡಿಮೆ ಇರುವ ತಿಂಗಳುಗಳಲ್ಲಿ ಹಳ್ಳಿಯ ಯುವಕರು ಗುಜರಿ ಲೋಹ ಸಂಗ್ರಹಿಸಿ ಮಾರಿ ಆದಾಯ ಗಳಿಸಬಹುದು. ಇದಕ್ಕೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಬೇಕಾದುದು ಲೋಹದ ತಿಳಿವಳಿಕೆ, ಸರಿಯಾದ ತೂಕ ಮತ್ತು ಎಚ್ಚರ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಹಣ ಹೋಗುತ್ತದೆ. ಕೆಲವೊಮ್ಮೆ ಮಾನ ಮತ್ತು ಪ್ರಾಣಕ್ಕೂ ಅಪಾಯ. ಸ್ವತಃ ಈ ಕೆಲಸ ಮಾಡದ ರೈತರಿಗೂ ಇಲ್ಲಿನ ವಿಷಯಗಳು ಉಪಯುಕ್ತ. ಮನೆಯ ಹಳೆಯ ಮೋಟಾರನ್ನು ಮಾರುವಾಗ ಅದರ ನಿಜವಾದ ಬೆಲೆ ತಿಳಿದಿರಬೇಕಲ್ಲವೇ?

ಯಾರು ಆರಂಭಿಸಬಹುದು?

೧೮ ವರ್ಷ ತುಂಬಿದ, ಓದು ಬರಹ ಬಲ್ಲ ಯುವಕ ಯುವತಿಯರು ಆರಂಭಿಸಬಹುದು. ಶಾಲೆಗೆ ಹೋಗುವ ಮಕ್ಕಳನ್ನು ಇದಕ್ಕೆ ಹಚ್ಚಬಾರದು. ೧೪ ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಆರಂಭಕ್ಕೆ ಬೇಕಾಗುವ ಸಲಕರಣೆಗಳು ಇಷ್ಟೇ: ಒಂದು ಬಲವಾದ ಅಯಸ್ಕಾಂತ, ಅರ, ಸುತ್ತಿಗೆ, ಉಳಿ, ಸ್ಪ್ಯಾನರುಗಳು, ಇಕ್ಕಳ, ಕಬ್ಬಿಣ ಕೊಯ್ಯುವ ಗರಗಸ, ಗೋಣಿ ಚೀಲಗಳು, ತಕ್ಕಡಿ ಮತ್ತು ಒಂದು ನೋಟ್ ಪುಸ್ತಕ. ಸಾಗಾಣಿಕೆಗೆ ಮೊದಲು ಸೈಕಲ್ಲು ಅಥವಾ ಮನೆಯ ಎತ್ತಿನ ಗಾಡಿ ಸಾಕು. ಮೊದಲ ದಿನವೇ ವಾಹನ ಕೊಳ್ಳಲು ಸಾಲ ಮಾಡಬೇಡಿರಿ.

ಕೆಲಸಕ್ಕೆ ಇಳಿಯುವ ಮೊದಲು ಊರಿನ ಕುಲುಮೆಯಲ್ಲಿ ಒಂದು ವಾರ ಕುಳಿತು ನೋಡಿರಿ. ಕಬ್ಬಿಣದ ಜಾತಿಗಳನ್ನು ಕಮ್ಮಾರರಷ್ಟು ಚೆನ್ನಾಗಿ ತಿಳಿಸಬಲ್ಲವರು ಬೇರೆ ಇಲ್ಲ. ಅವರೇ ನಿಮ್ಮ ಮೊದಲ ಗಿರಾಕಿಯೂ ಆಗಬಹುದು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆಯ ಕುಡುಗೋಲು, ಮಚ್ಚು ತಯಾರಾಗುತ್ತವೆ. ಅಂಥ ಪಟ್ಟಿಯನ್ನು ಗುಜರಿ ಅಂಗಡಿಯ ಕಬ್ಬಿಣದ ದರಕ್ಕೆ ಹಾಕುವುದಕ್ಕಿಂತ ಕುಲುಮೆಗೆ ಕೊಡುವುದು ಲಾಭದಾಯಕ.

ಲೋಹಗಳನ್ನು ಗುರುತಿಸುವ ವಿಧಾನ

ಹೊಸಬರು ಮೊದಲು ಕಲಿಯಬೇಕಾದ ವಿದ್ಯೆ ಇದು. ಬಣ್ಣ ನೋಡಿ ತೀರ್ಮಾನಿಸಬಾರದು. ಮೇಲಿನ ಬಣ್ಣ ಲೇಪದ್ದಿರಬಹುದು. ಮರೆಯಲ್ಲಿ ಅರದಿಂದ ಸ್ವಲ್ಪ ಉಜ್ಜಿ ಒಳಗಿನ ಬಣ್ಣ ನೋಡಬೇಕು. ಕೆಳಗಿನ ಪರೀಕ್ಷೆಗಳನ್ನು ಅನುಕ್ರಮವಾಗಿ ಮಾಡಿರಿ.

೧. ಅಯಸ್ಕಾಂತ ಪರೀಕ್ಷೆ: ಕಬ್ಬಿಣ, ಉಕ್ಕು, ಬೀಡು (ಎರಕದ ಕಬ್ಬಿಣ) ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತವೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸೀಸ, ಸತು ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಡು ಬಗೆಯೂ ಉಂಟು. ನಿಕ್ಕಲ್ ಹೆಚ್ಚಾಗಿರುವ ಉತ್ತಮ ದರ್ಜೆಯದು ಸಾಮಾನ್ಯವಾಗಿ ಅಂಟುವುದಿಲ್ಲ. ಆದರೆ ಅಂಟದಿರುವುದೆಲ್ಲ ಉತ್ತಮ ದರ್ಜೆಯದೇ ಎಂದು ತಿಳಿಯಬಾರದು. ಹಿತ್ತಾಳೆಯಂತೆ ಕಂಡ ವಸ್ತು ಅಂಟಿದರೆ ಅದು ಲೇಪ ಕೊಟ್ಟ ಕಬ್ಬಿಣವೆಂದು ತಿಳಿಯಿರಿ.

೨. ಮುರಿತದ ಪರೀಕ್ಷೆ: ಬೀಡು ಸುತ್ತಿಗೆಯ ಪೆಟ್ಟಿಗೆ ಬಗ್ಗದೆ ಒಡೆಯುತ್ತದೆ. ಮುರಿದ ಭಾಗ ಬೂದು ಬಣ್ಣದ ಕಾಳುಕಾಳಾಗಿ ಕಾಣುತ್ತದೆ. ಮೆದು ಉಕ್ಕು ಬಗ್ಗುತ್ತದೆ. ಪಂಪಿನ ಹೊರಕವಚ, ಎಂಜಿನ್ನಿನ ಬ್ಲಾಕು, ಹಳೆಯ ಕಬ್ಬಿನ ಗಾಣದ ಉರುಳೆಗಳು ಸಾಮಾನ್ಯವಾಗಿ ಬೀಡಿನವು.

೩. ಕಿಡಿ ಪರೀಕ್ಷೆ: ಸಾಣೆ ಯಂತ್ರಕ್ಕೆ ಹಿಡಿದಾಗ ಮೆದು ಉಕ್ಕಿನಿಂದ ಉದ್ದನೆಯ ಹಳದಿ ಕಿಡಿ ಬರುತ್ತದೆ. ಬೀಡಿನ ಕಿಡಿ ಗಿಡ್ಡ ಮತ್ತು ಕೆಂಪು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗಳಿಂದ ಕಿಡಿ ಬರುವುದಿಲ್ಲ. ಈ ಪರೀಕ್ಷೆಗೆ ಕಣ್ಣಿಗೆ ಕನ್ನಡಕ ಕಡ್ಡಾಯ.

೪. ನೀರಿನ ಪರೀಕ್ಷೆ: ವಸ್ತುವನ್ನು ತೂಗಿರಿ. ನಂತರ ಅಂಚಿನವರೆಗೆ ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯಿರಿ. ೧೦೦ ಮಿ.ಲೀ. ನೀರು ಚೆಲ್ಲುವ ಗಟ್ಟಿ ತುಂಡಿನ ತೂಕ ಸುಮಾರಾಗಿ ಹೀಗಿರುತ್ತದೆ:

ಅಲ್ಯೂಮಿನಿಯಂ: ೨೭೦ ಗ್ರಾಂ
ಸತುವಿನ ಮಿಶ್ರಲೋಹ: ೬೭೦ ಗ್ರಾಂ
ಕಬ್ಬಿಣ: ೭೮೦ ಗ್ರಾಂ
ಹಿತ್ತಾಳೆ: ೮೫೦ ಗ್ರಾಂ
ತಾಮ್ರ: ೮೯೦ ಗ್ರಾಂ
ಸೀಸ: ೧,೧೩೦ ಗ್ರಾಂ

ಹೊಳಪು ಲೇಪವಿರುವ ನಲ್ಲಿಗಳಲ್ಲಿ ಹೊಸಬರು ಮೋಸ ಹೋಗುವುದು ಹೆಚ್ಚು. ಹಿತ್ತಾಳೆಯೆಂದು ಕೊಂಡದ್ದು ಸತುವಿನ ಮಿಶ್ರಲೋಹವಾಗಿರಬಹುದು. ಅಲ್ಲಿ ಅರ ಮತ್ತು ನೀರಿನ ಪರೀಕ್ಷೆ ಎರಡೂ ಉಪಯೋಗಕ್ಕೆ ಬರುತ್ತವೆ. ಒಳಗೆ ಗಾಳಿ ನಿಲ್ಲುವ ಟೊಳ್ಳು ವಸ್ತುಗಳಿಗೆ ನೀರಿನ ಪರೀಕ್ಷೆ ಸರಿಹೋಗುವುದಿಲ್ಲ.

ವಿಂಗಡಣೆಯಲ್ಲಿದೆ ಲಾಭ

ಬೆರಕೆ ಮಾಲಿಗೆ ಅಂಗಡಿಯವರು ಕೊಡುವುದು ಅದರಲ್ಲಿರುವ ಅಗ್ಗದ ಲೋಹದ ದರವನ್ನು. ಒಂದು ಉದಾಹರಣೆ ನೋಡೋಣ. ಸುಟ್ಟ ಮೋಟಾರೊಂದು ೩೦ ಕಿ.ಗ್ರಾಂ. ತೂಗುತ್ತದೆ, ಅದರಲ್ಲಿ ೩ ಕಿ.ಗ್ರಾಂ. ತಾಮ್ರವಿದೆ ಎಂದಿಟ್ಟುಕೊಳ್ಳಿ. ಲೆಕ್ಕಕ್ಕಾಗಿ ಕಬ್ಬಿಣಕ್ಕೆ ಕಿಲೋಗೆ ೨೫ ರೂಪಾಯಿ, ತಾಮ್ರಕ್ಕೆ ೬೦೦ ರೂಪಾಯಿ ಎಂದು ಹಿಡಿಯೋಣ. ಇಡೀ ಮೋಟಾರನ್ನು ಕಬ್ಬಿಣದ ದರಕ್ಕೆ ಕೊಟ್ಟರೆ ೭೫೦ ರೂಪಾಯಿ ಬರುತ್ತದೆ. ಬಿಚ್ಚಿ ಬೇರ್ಪಡಿಸಿದರೆ ೨೭ ಕಿಲೋ ಕಬ್ಬಿಣಕ್ಕೆ ೬೭೫, ೩ ಕಿಲೋ ತಾಮ್ರಕ್ಕೆ ೧,೮೦೦, ಒಟ್ಟು ೨,೪೭೫ ರೂಪಾಯಿ. ವ್ಯತ್ಯಾಸ ೧,೭೨೫ ರೂಪಾಯಿ. ಅರ್ಧ ದಿನದ ಕೆಲಸಕ್ಕೆ ಇದು ಸಣ್ಣ ಕೂಲಿಯಲ್ಲ.

ಆದರೆ ಎಲ್ಲ ಮೋಟಾರುಗಳ ಸುರುಳಿಯೂ ತಾಮ್ರದ್ದಲ್ಲ. ತಾಮ್ರದ ಬಣ್ಣದ ಲೇಪವಿರುವ ಅಲ್ಯೂಮಿನಿಯಂ ತಂತಿಯನ್ನು ಸುತ್ತಿದವೂ ಉಂಟು. ಕೊಳ್ಳುವ ಮೊದಲು ತಂತಿಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ ಎಂದು ತಿಳಿದು ಬೆಲೆ ಕಟ್ಟಿರಿ.

ಪ್ರತಿ ಲೋಹಕ್ಕೂ ಬೇರೆ ಬೇರೆ ಚೀಲ ಇಡಿರಿ. ತಾಮ್ರದಲ್ಲಿಯೂ ಹೊಳೆಯುವ ಶುದ್ಧ ತಂತಿ, ಲೇಪವಿರುವ ಸುರುಳಿ ತಂತಿ, ಬೆಸುಗೆ ಹತ್ತಿದ ಕೊಳವೆ, ಈ ಮೂರಕ್ಕೂ ದರ ಬೇರೆ. ಅಲ್ಯೂಮಿನಿಯಂ ಪಾತ್ರೆಗಳ ಕಬ್ಬಿಣದ ಹಿಡಿ, ಮೊಳೆಗಳನ್ನು ಕಿತ್ತುಹಾಕಿರಿ. ಮಣ್ಣು, ನೀರು, ರಬ್ಬರು ಉಳಿದಿದ್ದರೆ ಅಂಗಡಿಯವರು ಅಂದಾಜಿನಲ್ಲಿ ತೂಕ ಮುರಿಯುತ್ತಾರೆ. ಆ ಅಂದಾಜು ಎಂದೂ ನಿಮ್ಮ ಕಡೆಗೆ ಇರುವುದಿಲ್ಲ.

ತೂಕ ಮತ್ತು ಮಾರಾಟ

ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತಕ್ಕಡಿಯನ್ನೇ ಬಳಸಿರಿ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಬೇಕು. ಮನೆಯವರ ಎದುರಿಗೇ ತೂಗಿ, ಅಲ್ಲಿಯೇ ಹಣ ಕೊಡಿರಿ. ಒಂದು ಹಳ್ಳಿಯಲ್ಲಿ ತೂಕದ ವಿಷಯಕ್ಕೆ ಹೆಸರು ಕೆಟ್ಟರೆ ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಮಾಲು ಸಿಗುವುದಿಲ್ಲ.

ಲೋಹದ ದರ ವಾರವಾರವೂ ಬದಲಾಗಬಹುದು. ಹಳ್ಳಿಗೆ ಹೊರಡುವ ದಿನವೇ ಪಟ್ಟಣದ ಎರಡು ಮೂರು ಅಂಗಡಿಗಳ ದರವನ್ನು ದೂರವಾಣಿಯಲ್ಲಿ ಕೇಳಿ ಬರೆದುಕೊಳ್ಳಿರಿ. ದರ ಏರುವುದೆಂದು ಕಾದು ದಾಸ್ತಾನು ಮಾಡುವುದು ಹೊಸಬರಿಗೆ ತಕ್ಕದ್ದಲ್ಲ.

ಸಾಗಾಣಿಕೆಯ ಲೆಕ್ಕವನ್ನೂ ಹಾಕಿರಿ. ೨೦೦ ಕಿಲೋ ಕಬ್ಬಿಣದಲ್ಲಿ ಕಿಲೋಗೆ ೪ ರೂಪಾಯಿ ಉಳಿದರೆ ೮೦೦ ರೂಪಾಯಿ. ವಾಹನದ ಬಾಡಿಗೆ ೩೫೦ ರೂಪಾಯಿ ಕಳೆದರೆ ಕೈಗೆ ಉಳಿಯುವುದು ೪೫೦. ಅದನ್ನು ಕೂಡಿಸಲು ಎರಡು ದಿನ ಹಿಡಿದಿದ್ದರೆ ದಿನಕ್ಕೆ ೨೨೫ ರೂಪಾಯಿ ಮಾತ್ರ. ಅದೇ ಬಾಡಿಗೆಯಲ್ಲಿ ೬೦೦ ಕಿಲೋ ಸಾಗಿಸಿದರೆ ೨,೦೫೦ ರೂಪಾಯಿ ಉಳಿಯುತ್ತದೆ. ಆದ್ದರಿಂದ ಕಬ್ಬಿಣವನ್ನು ಒಂದು ಪೂರ್ಣ ಹೇರು ಆಗುವವರೆಗೆ ಕೂಡಿಸಿ ಸಾಗಿಸಬೇಕು. ನಾಲ್ಕಾರು ಯುವಕರು ಸೇರಿ ಒಂದೇ ವಾಹನ ಮಾಡಿಕೊಂಡರೆ ಇನ್ನೂ ಉತ್ತಮ.

೨೦೨೪ರ ಅಕ್ಟೋಬರ್ ೧೦ರಿಂದ ಬಂದ ನಿಯಮದಂತೆ, ಜಿ.ಎಸ್.ಟಿ. ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ಆ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕು. ತೆರಿಗೆಯ ಹೆಸರಿನಲ್ಲಿ ನಿಮ್ಮ ಹಣದಲ್ಲಿ ಮುರಿದುಕೊಂಡರೆ ವಿವರ ಕೇಳಿರಿ.

ಕೊಳ್ಳಬಾರದ ವಸ್ತುಗಳು

ಕೊಳವೆ ಬಾವಿಯ ಕೇಬಲ್ಲು, ಪಂಪ್‌ಸೆಟ್ಟಿನ ಮೋಟಾರುಗಳು ರಾತ್ರೋರಾತ್ರಿ ಕಳವಾಗುವುದನ್ನು ರೈತರಿಗೆ ಹೊಸದಾಗಿ ಹೇಳಬೇಕಿಲ್ಲ. ಕದ್ದವನಿಗೆ ಸಿಗುವುದು ತಾಮ್ರದ ಬೆಲೆ ಮಾತ್ರ. ಆದರೆ ರೈತನಿಗೆ ನೀರಿಲ್ಲದೆ ಇಡೀ ಬೆಳೆಯೇ ಹೋಗಬಹುದು. ಕಳವಿನ ಮಾಲನ್ನು ಕೊಳ್ಳುವವರು ಇರುವುದರಿಂದಲೇ ಈ ಕಳವು ನಡೆಯುತ್ತದೆ. ಕಳವಿನ ಮಾಲೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ೩೧೭ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು.

ಆದ್ದರಿಂದ ಕೆಳಗಿನವುಗಳನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಮುಟ್ಟಬೇಡಿರಿ:

೧. ವಿದ್ಯುತ್ ಕಂಬದ ತಂತಿ, ಟ್ರಾನ್ಸ್‌ಫಾರ್ಮರಿನ ಭಾಗಗಳು, ದೂರವಾಣಿ ಕೇಬಲ್ಲು.
೨. ರೈಲ್ವೆಯ ಹಳಿ, ಬೋಲ್ಟು, ಕೊಂಡಿಗಳು. ಇವನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ ೧೯೬೬ರಿಂದಲೇ ಪ್ರತ್ಯೇಕ ಕಾಯಿದೆ ಇದೆ.
೩. ಹೊಸದಾಗಿ ಕತ್ತರಿಸಿದ ಅಥವಾ ಸುಟ್ಟ ಕೇಬಲ್ಲು, ಗುರುತು ಹೇಳದ ಮಾರಾಟಗಾರರ ಮೋಟಾರು.
೪. ದೇವಸ್ಥಾನದ ಗಂಟೆ, ದೀಪ, ವಿಗ್ರಹಗಳು. ಉಳುವಾಗ ಸಿಕ್ಕ ಹಳೆಯ ನಾಣ್ಯ, ವಿಗ್ರಹಗಳು ಗುಜರಿಯಲ್ಲ. ಅವನ್ನು ತಹಶೀಲ್ದಾರರ ಗಮನಕ್ಕೆ ತರಬೇಕು.

ಪ್ರತಿ ಖರೀದಿಯನ್ನೂ ಪುಸ್ತಕದಲ್ಲಿ ಬರೆಯಿರಿ: ತಾರೀಖು, ಮಾರಿದವರ ಹೆಸರು, ಊರು, ವಸ್ತು, ತೂಕ, ಕೊಟ್ಟ ಹಣ, ಸಹಿ. ವಿಚಾರಣೆ ಬಂದ ದಿನ ಈ ಪುಸ್ತಕವೇ ನಿಮ್ಮ ಆಧಾರ. ರೈತರು ಸಹ ತಮ್ಮ ಮೋಟಾರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಕವಚದ ಮೇಲೆ ಗುರುತು ಕೊರೆಸಿಡುವುದು ಒಳ್ಳೆಯದು.

ಅಪಾಯಗಳು ಮತ್ತು ಮುನ್ನೆಚ್ಚರಿಕೆ

ದಪ್ಪ ಅಡಿಯ ಪಾದರಕ್ಷೆ, ಕೈಗವಸು ಇಲ್ಲದೆ ಕೆಲಸಕ್ಕೆ ಹೋಗಬೇಡಿರಿ. ಧನುರ್ವಾಯು ನಿರೋಧಕ ಚುಚ್ಚುಮದ್ದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಹಾಕಿಸಿಕೊಳ್ಳಿರಿ. ಸಣ್ಣ ಗಾಯವಾದರೂ ಸಾಬೂನು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿರಿ.

ಕೇಬಲ್ಲನ್ನು ಸುಟ್ಟು ತಾಮ್ರ ತೆಗೆಯುವುದು ಕೆಟ್ಟ ಪದ್ಧತಿ. ಅದರ ಹೊಗೆಯಲ್ಲಿ ಡಯಾಕ್ಸಿನ್ ಮೊದಲಾದ ವಿಷವಸ್ತುಗಳಿರುತ್ತವೆ. ಸುಟ್ಟ ತಾಮ್ರಕ್ಕೆ ದರವೂ ಕಡಿಮೆ. ಚಾಕುವಿನಿಂದ ಸುಲಿದು ತೆಗೆಯಿರಿ.

ಬ್ಯಾಟರಿಯನ್ನು ಒಡೆಯಬೇಡಿರಿ. ಅದರಲ್ಲಿ ಗಂಧಕಾಮ್ಲ ಮತ್ತು ಸೀಸ ಇರುತ್ತವೆ. ಸೀಸದ ಧೂಳು ಬಟ್ಟೆಯ ಮೂಲಕ ಮನೆ ಸೇರಿದರೆ ಮಕ್ಕಳ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಹಳೆಯ ಬ್ಯಾಟರಿಯನ್ನು ಇಡಿಯಾಗಿಯೇ ಬ್ಯಾಟರಿ ಮಾರಾಟಗಾರರಿಗೆ ಹಿಂತಿರುಗಿಸಿರಿ.

ಮುಚ್ಚಿದ ಪೀಪಾಯಿ, ಅನಿಲ ಸಿಲಿಂಡರು, ಪೆಟ್ರೋಲ್ ಟ್ಯಾಂಕುಗಳನ್ನು ಕಾಯಿಸಬಾರದು, ಕತ್ತರಿಸಬಾರದು. ಒಳಗೆ ಉಳಿದ ಆವಿ ಸಿಡಿಯುತ್ತದೆ. ಕೀಟನಾಶಕದ ಡಬ್ಬಿಗಳನ್ನು ಇತರ ಮಾಲಿನೊಡನೆ ಸೇರಿಸಬೇಡಿರಿ. ಅವನ್ನು ಯಾರಿಗೂ ಮನೆಬಳಕೆಗೆ ಕೊಡಬೇಡಿರಿ. ಮೋಟಾರಿನ ಕೆಪಾಸಿಟರಿನಲ್ಲಿ ತಂತಿ ಕಿತ್ತ ಮೇಲೂ ವಿದ್ಯುತ್ತು ಉಳಿದಿರಬಹುದು, ಬಲ್ಲವರಿಂದಲೇ ಬಿಚ್ಚಿಸಿರಿ.

ಆಸ್ಪತ್ರೆ, ಪ್ರಯೋಗಾಲಯ, ಕಾರ್ಖಾನೆಗಳ ಗುರುತಿಲ್ಲದ ಉಪಕರಣಗಳಿಂದ ದೂರವಿರಿ. ೨೦೧೦ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಬಂದ ಹಳೆಯ ಪ್ರಯೋಗಾಲಯ ಉಪಕರಣವೊಂದರಲ್ಲಿ ಕೋಬಾಲ್ಟ್-೬೦ ಎಂಬ ವಿಕಿರಣ ವಸ್ತುವಿತ್ತು. ತಿಳಿಯದೆ ಅದನ್ನು ಬಿಚ್ಚಿದ್ದರಿಂದ ಹಲವರು ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ಹಳದಿ ಹಿನ್ನೆಲೆಯಲ್ಲಿ ಮೂರು ಎಸಳಿನ ಕಪ್ಪು ಚಿಹ್ನೆ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿರಿ.

ಸಾಲ ಮತ್ತು ವಿಸ್ತರಣೆ

ಆರು ತಿಂಗಳ ಲೆಕ್ಕ ನೋಡಿ, ಲಾಭ ಕಂಡುಬಂದ ಮೇಲೆಯೇ ಕೆಲಸ ವಿಸ್ತರಿಸಿರಿ. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ೫೦,೦೦೦ ರೂಪಾಯಿವರೆಗೆ ಸಾಲಕ್ಕೆ ಬ್ಯಾಂಕಿನಲ್ಲಿ ಅರ್ಜಿ ಹಾಕಬಹುದು. ಅಂಗಡಿ ಅಥವಾ ದಾಸ್ತಾನು ಮಳಿಗೆ ತೆರೆಯುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಪರವಾನಗಿ ಪಡೆಯಿರಿ. ಮಾಲನ್ನು ಬಾವಿ, ಕೆರೆ, ದನದ ಕೊಟ್ಟಿಗೆಗಳಿಂದ ದೂರ ಇಡಿರಿ. ಮೇವಿನಲ್ಲಿ ಸೇರಿದ ಒಂದು ತುಂಡು ತಂತಿ ಹಸುವಿನ ಹೊಟ್ಟೆಯಿಂದ ಹೃದಯಕ್ಕೆ ಚುಚ್ಚಿ ಪ್ರಾಣ ತೆಗೆಯಬಲ್ಲದು.

ಸುಗ್ಗಿ ಮುಗಿದ ಮೇಲೆ, ಯುಗಾದಿಗೆ ಮನೆ ಸುಣ್ಣ ಬಳಿಯುವಾಗ, ಆಯುಧಪೂಜೆಗೆ ಮೊದಲು ಸಲಕರಣೆ ತೊಳೆಯುವಾಗ ಪ್ರತಿ ಮನೆಯಲ್ಲೂ ಹಳೆಯ ಲೋಹ ಹೊರಬರುತ್ತದೆ. ಆರಂಭಿಸಲು ಇದು ಸಕಾಲ. ಮೊದಲು ನಿಮ್ಮ ಮನೆಯ ಕೊಟ್ಟಿಗೆಯ ಮಾಲನ್ನೇ ಅಯಸ್ಕಾಂತ ಹಿಡಿದು ವಿಂಗಡಿಸಿ, ತೂಗಿ, ಬರೆದಿಡಿರಿ. ಅಲ್ಲಿ ಕೈ ಪಳಗಿದ ಮೇಲೆ ನೆರೆಮನೆಯ ಬಾಗಿಲು ತಟ್ಟಿರಿ.