ಪೈಪಿಗೆ ಹುರಿ ಹತ್ತುವುದು ನೀರಿನಿಂದಲ್ಲ

ಪ್ರೆಷರ್ ವಾಷರ್ ಈಗ ವಾಟರ್ ಸರ್ವಿಸ್ ಅಂಗಡಿಯ ಯಂತ್ರವಾಗಿ ಮಾತ್ರ ಉಳಿದಿಲ್ಲ. ಕಾರು, ಸ್ಕೂಟರು, ಪಾಚಿಗಟ್ಟಿದ ಅಂಗಳ, ತಾರಸಿ ತೊಳೆಯಲೆಂದು ಮನೆಗಳಿಗೂ ಬಂದಿದೆ. ಕೊಂಡವರಲ್ಲಿ ಹೆಚ್ಚಿನವರ ದೂರು ಒಂದೇ: ಪೈಪು ಹುರಿ ಹತ್ತಿ, ಕುಣಿಕೆ ಕುಣಿಕೆಯಾಗಿ ಏಳುತ್ತದೆ, ಕಾಲಿಗೆ ತೊಡರುತ್ತದೆ, ಗನ್ನನ್ನು ಬೇಕಾದ ಕಡೆ ತಿರುಗಿಸಲು ಬಿಡುವುದಿಲ್ಲ. ಇದಕ್ಕೆ ಜನ ಕೊಡುವ ಕಾರಣಗಳೂ ಹೆಚ್ಚು ಕಡಿಮೆ ಒಂದೇ. ಅವುಗಳಲ್ಲಿ ಬಹಳಷ್ಟು ತಪ್ಪು. ಆ ತಪ್ಪು ತಿಳಿವಳಿಕೆಯಿಂದಲೇ ಒಳ್ಳೆಯ ಪೈಪುಗಳು ಬೇಗ ಹಾಳಾಗುತ್ತಿವೆ.

ಮೊದಲನೆಯದು, “ನೀರಿನ ಫೋರ್ಸಿಗೆ ಪೈಪು ತಿರುಚಿಕೊಳ್ಳುತ್ತೆ” ಎಂಬ ಮಾತು. ಹಳೆಯ ಪೈಪೊಂದನ್ನು ಅಡ್ಡಲಾಗಿ ಕೊಯ್ದು ನೋಡಿ. ಒಳಗೊಂದು ಪಿವಿಸಿ ಅಥವಾ ರಬ್ಬರ್ ಕೊಳವೆ, ಅದರ ಮೇಲೆ ಉಕ್ಕಿನ ತಂತಿಯ ಅಥವಾ ಪಾಲಿಯೆಸ್ಟರ್ ನೂಲಿನ ಹೆಣಿಗೆ, ಅದರ ಮೇಲೊಂದು ಹೊದಿಕೆ. ಹೆಣಿಗೆಯ ಅರ್ಧ ಎಳೆಗಳು ಬಲಕ್ಕೆ ಸುತ್ತಿದರೆ ಉಳಿದರ್ಧ ಎಡಕ್ಕೆ ಸುತ್ತಿರುತ್ತವೆ. ಪೈಪಿನ ಉದ್ದಕ್ಕೆ ಎಳೆಗಳು ಸುಮಾರು 54.7 ಡಿಗ್ರಿ ಕೋನದಲ್ಲಿದ್ದರೆ ಒತ್ತಡ ಎಷ್ಟೇ ಏರಿದರೂ ಪೈಪು ಹೆಚ್ಚು ಉದ್ದವಾಗುವುದೂ ಇಲ್ಲ, ಗಿಡ್ಡವಾಗುವುದೂ ಇಲ್ಲ. ತಯಾರಕರು ಅದರ ಆಸುಪಾಸಿನಲ್ಲೇ ಹೆಣೆಯುತ್ತಾರೆ. ಬಲಸುತ್ತು ಎಡಸುತ್ತು ಎರಡೂ ಇರುವುದರಿಂದ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ. ಹಾಗಾಗಿ ಮನೆಬಳಕೆಯ ಯಂತ್ರದ 100-130 ಬಾರ್ ಒತ್ತಡ ಪೈಪನ್ನು ತಿರುಚುವುದಿಲ್ಲ. ಸ್ವಿಚ್ ಹಾಕಿದೊಡನೆ ಪೈಪು ಹೊರಳುವುದನ್ನು ನೋಡಿದವರಿಗೆ ನೀರೇ ಕಾರಣ ಅನ್ನಿಸುವುದು ಸಹಜ. ನಿಜಕ್ಕೂ ಆಗುವುದೇನೆಂದರೆ, ಮೊದಲೇ ಒಳಸೇರಿದ್ದ ಹುರಿ ಪೈಪು ಬಿಗಿಯಾದಾಗ ಕಣ್ಣಿಗೆ ಬೀಳುತ್ತದೆ.

ಒಳಸೇರಿದ್ದು ಹೇಗೆಂದು ತಿಳಿಯಲು ಒಂದು ಮೀಟರ್ ಗೋಣಿದಾರ ಸಾಕು. ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಬೆರಳಲ್ಲಿ ಹಿಡಿದು ಹೊಸೆಯುತ್ತಾ ಹೋಗಿ. ಎಳೆದು ಹಿಡಿದಿರುವಷ್ಟು ಹೊತ್ತು ದಾರ ನೆಟ್ಟಗೇ ಇರುತ್ತದೆ. ಕೈಯನ್ನು ನಾಲ್ಕು ಬೆರಳು ಮುಂದೆ ತಂದರೆ ನಡುವೆ ಪಟಕ್ಕನೆ ಕುಣಿಕೆ ಏಳುತ್ತದೆ. ಮತ್ತೆ ಜಗ್ಗಿದರೆ ಕುಣಿಕೆ ಮಾಯ, ಹುರಿ ಮಾತ್ರ ಅಲ್ಲೇ. ಸುರುಳಿಯಾಗಿದ್ದದ್ದು ಹುರಿಯಾಗುತ್ತದೆ, ಹುರಿಯಾಗಿದ್ದದ್ದು ಸುರುಳಿಯಾಗುತ್ತದೆ. ತುದಿ ತಿರುಗದ ಹೊರತು ಒಟ್ಟು ಲೆಕ್ಕ ಬದಲಾಗುವುದಿಲ್ಲ. ತುದಿ ಕೂಡಿಸಿದ ಎಳೆಗಳ ವಿಷಯದಲ್ಲಿ ಈ ಲೆಕ್ಕವನ್ನು ರೊಮೇನಿಯಾದ ಗಣಿತಜ್ಞ ಕಲುಗರೆಯಾನು 1961ರಲ್ಲಿ, ಅಮೆರಿಕದ ಜೇಮ್ಸ್ ವೈಟ್ 1969ರಲ್ಲಿ ಸೂತ್ರವಾಗಿ ತೋರಿಸಿಕೊಟ್ಟರು. ಜೀವಕೋಶದೊಳಗೆ ಡಿಎನ್‌ಎ ಸುರುಳಿ ಸುತ್ತಿಕೊಳ್ಳುವುದನ್ನು ವಿವರಿಸಲು ಜೀವವಿಜ್ಞಾನಿಗಳು ಬಳಸುವುದೂ ಅದೇ ಸೂತ್ರವನ್ನು.

ಈಗ ಪೈಪಿಗೆ ಬನ್ನಿ. ಕೆಲಸ ಮುಗಿದ ಮೇಲೆ ಅಂಗೈಗೂ ಮೊಣಕೈಗೂ ಸುತ್ತಿ, ಅಚ್ಚುಕಟ್ಟಾಗಿ ಗೋಡೆಯ ಮೊಳೆಗೆ ನೇತುಹಾಕುವುದು ಒಳ್ಳೆಯ ಅಭ್ಯಾಸ ಎಂದೇ ಎಲ್ಲರೂ ನಂಬಿದ್ದಾರೆ. ಹುರಿಯಲ್ಲಿ ಬಹುಪಾಲು ಹುಟ್ಟುವುದು ಅಲ್ಲಿಯೇ. 10 ಮೀಟರ್ ಪೈಪನ್ನು 40 ಸೆಂ.ಮೀ. ಅಗಲದ ಸುತ್ತುಗಳಾಗಿ ಒಂದೇ ದಿಕ್ಕಿಗೆ ಸುತ್ತಿದರೆ ಸುಮಾರು 8 ಸುತ್ತು. ಮಾರನೆಯ ವಾರ ಒಂದು ತುದಿ ಯಂತ್ರಕ್ಕೆ, ಇನ್ನೊಂದು ಗನ್ನಿಗೆ ಸಿಕ್ಕಿಸಿಕೊಂಡು ಸುರುಳಿಯಿಂದ ಹಾಗೇ ಎಳೆದರೆ ಆ 8 ಸುತ್ತೂ 8 ಪೂರ್ತಿ ತಿರುಚುಗಳಾಗಿ ಪೈಪಿನೊಳಗೆ ಕೂರುತ್ತವೆ. ಸುರುಳಿಯನ್ನು ನೆಲದ ಮೇಲೆ ಉರುಳಿಸುತ್ತಾ ಬಿಚ್ಚಿದರೆ ಒಂದೂ ಸೇರುವುದಿಲ್ಲ. ತಿರುಗುವ ಡ್ರಮ್ ಇರುವ ರೀಲು ಮಾಡುವುದೂ ಇದನ್ನೇ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪವರ್ ಸ್ಪ್ರೇಯರ್‌ನ ಪೈಪು ನೂರು ಮೀಟರಿನಷ್ಟಿರುತ್ತದೆ. ಅಷ್ಟುದ್ದದ ಸುರುಳಿಯನ್ನು ಉರುಳಿಸದೆ ಎಳೆದರೆ ಎಷ್ಟು ಹುರಿ ಏರೀತೆಂದು ಲೆಕ್ಕ ಹಾಕಿ ನೋಡಿ.

ಸುತ್ತುವುದಕ್ಕೆ ಸರಿಯಾದ ಕ್ರಮವಿದೆ. ಸಿನಿಮಾ, ಟಿ.ವಿ. ಶೂಟಿಂಗ್‌ಗಳಲ್ಲಿ ಸೌಂಡ್ ಕೆಲಸ ಮಾಡುವವರು ಮೈಕ್ ಕೇಬಲ್ಲನ್ನು ಸುತ್ತುವುದು ಹೀಗೇ. ಮೊದಲ ಸುತ್ತು ಎಂದಿನಂತೆ ಎಡ ಅಂಗೈ ಮೇಲೆ ಬರಲಿ. ಎರಡನೆಯದಕ್ಕೆ ಬಲಗೈಯ ಮಣಿಕಟ್ಟನ್ನು ಒಳಕ್ಕೆ ತಿರುಗಿಸಿ ಪೈಪು ಹಿಡಿದು, ಎಳೆ ಹಿಂದಿನ ಸುತ್ತಿನ ಒಳಬದಿಯಿಂದ ಹಾಯುವಂತೆ ಇಡಿ. ಮೂರನೆಯದು ಮೊದಲಿನಂತೆ, ನಾಲ್ಕನೆಯದು ಎರಡನೆಯದರಂತೆ. ಒಂದು ಹಾಕಿದ ಹುರಿಯನ್ನು ಮುಂದಿನದು ತೆಗೆಯುತ್ತದೆ. ಹೀಗೆ ಸುತ್ತಿದ ಪೈಪನ್ನು ತುದಿ ಹಿಡಿದೆಳೆದರೂ ನೆಟ್ಟಗೆ ಬರುತ್ತದೆ. ಒಂದೇ ಎಚ್ಚರಿಕೆ, ತುದಿಯು ಸುತ್ತುಗಳ ಒಳಗಿಂದ ತೂರಿ ಹೋಗಬಾರದು, ಹೋದರೆ ಸಾಲಾಗಿ ಗಂಟು ಬೀಳುತ್ತವೆ. ಪೈಪು ಕೈಗೆ ಬಗ್ಗದಷ್ಟು ಬಿರುಸಾಗಿದ್ದರೆ ನೆಲದ ಮೇಲೆ 8 ಆಕಾರದಲ್ಲಿ ಹಾಸಿಡಿ. ಅದರ ಒಂದು ಕಣ್ಣು ಬಲಸುತ್ತು, ಇನ್ನೊಂದು ಎಡಸುತ್ತು, ಲೆಕ್ಕ ಸರಿಹೋಗುತ್ತದೆ.

“ಬಿಸಿಲಿಗೆ ಹಾಕಿದರೆ ಸರಿಹೋಗುತ್ತೆ” ಎನ್ನುವವರೂ ಇದ್ದಾರೆ. ಇದರಲ್ಲಿ ಅರ್ಧ ನಿಜವಿದೆ. ಪಿವಿಸಿ ಚಳಿಗೆ ಬಿರುಸಾಗಿ, ಸುತ್ತಿಟ್ಟ ಬಾಗನ್ನೇ ಹಿಡಿದುಕೊಂಡಿರುತ್ತದೆ. ಸ್ವಲ್ಪ ಬಿಸಿಯಾದರೆ ಆ ಬಾಗು ಸಡಿಲುತ್ತದೆ. ಆದರೆ ಎರಡೂ ತುದಿ ಸಿಕ್ಕಿಸಿಯೇ ಇದ್ದರೆ ಹುರಿ ಎಲ್ಲಿಗೂ ಹೋಗುವುದಿಲ್ಲ. ಬಾಗು ಬೇರೆ, ಹುರಿ ಬೇರೆ. ಯಾವುದೆಂದು ಗುರುತಿಸಲು ಪೈಪಿನ ಮೈಮೇಲೆ ಉದ್ದಕ್ಕೆ ಮುದ್ರಿಸಿದ ಅಕ್ಷರಗಳ ಸಾಲನ್ನು ನೋಡಿ. ಸಾಲು ಒಂದೇ ಮಗ್ಗುಲಲ್ಲಿ ಸಾಗಿದ್ದರೆ ಹುರಿಯಿಲ್ಲ. ಬಳ್ಳಿಯ ಹಾಗೆ ಪೈಪನ್ನು ಸುತ್ತುತ್ತಾ ಹೋಗಿದ್ದರೆ, ಎಷ್ಟು ಸುತ್ತೋ ಅಷ್ಟು ಹುರಿ. ಮುದ್ರಣ ಅಳಿಸಿದ್ದರೆ ಪೇಂಟ್ ಮಾರ್ಕರ್‌ನಿಂದ ನೀವೇ ಒಂದು ಗೆರೆ ಎಳೆದುಕೊಳ್ಳಬಹುದು. ಕೆಲಸ ಶುರುಮಾಡುವ ಮುನ್ನ ಗನ್ನು ಸಿಕ್ಕಿಸದೆ ಪೈಪನ್ನು ಉದ್ದಕ್ಕೆ ಹಾಸಿ, ತೆರೆದ ತುದಿಯನ್ನು ತಿರುಗಿಸಿ ಗೆರೆ ನೆಟ್ಟಗಾದ ಮೇಲೆ ಗನ್ನು ಹಾಕಿದರೆ ಅರ್ಧಕ್ಕಿಂತ ಹೆಚ್ಚು ತೊಂದರೆ ಅಲ್ಲಿಗೇ ತೀರಿತು.

ಉಕ್ಕಿನ ತಂತಿಯ ದುಬಾರಿ ಪೈಪು ಹಾಕಿದರೆ ಈ ಕಾಟವಿಲ್ಲ ಎಂಬುದೂ ಸರಿಯಲ್ಲ. ಅದು ಸುಲಭಕ್ಕೆ ಮಡಿಚಿಕೊಳ್ಳದು, ನಿಜ. ಹುರಿ ಹತ್ತಿದಾಗ ಮಾತ್ರ ಇನ್ನೂ ಹಠದಿಂದ ಏಳುತ್ತದೆ. ಮೆತ್ತನೆಯ ರಬ್ಬರ್ ಪೈಪು ಕೈಗೆ ಹಿತ, ಆದರೆ ಅದಕ್ಕೂ ಹುರಿ ಹತ್ತುತ್ತದೆ.

ಸುತ್ತುವ ಕ್ರಮದ ನಂತರದ ಕಾರಣ ನಮ್ಮ ನಡಿಗೆ. ಕಾರು ತೊಳೆಯುತ್ತಾ ಪ್ರತಿಸಲವೂ ಬಲಕ್ಕೇ ತಿರುಗಿ, ನಿಂತಲ್ಲೇ ಒಂದು ಪೂರ್ತಿ ಸುತ್ತು ಹಾಕಿದರೆ ಪೈಪಿಗೂ ಒಂದು ಸುತ್ತು ಸೇರುತ್ತದೆ. ಅಷ್ಟೇ ಸುತ್ತು ಎಡಕ್ಕೆ ತಿರುಗಿದರೆ ಅದು ಬಿಚ್ಚಿಕೊಳ್ಳುತ್ತದೆ.

“ಗನ್ನಿನ ಹತ್ತಿರದ ನಟ್ಟು ತಿರುಗುತ್ತಲ್ಲ, ಮತ್ಯಾಕೆ ಹುರಿ?” ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಯಂತ್ರ ಆರಿದ್ದಾಗ ಅಲ್ಲಿ ಪೈಪು ಸಲೀಸಾಗಿ ತಿರುಗುವುದು ನಿಜ. ಅಲ್ಲಿರುವ ಎಂ22 ಎಂಬ ನಟ್ಟಿನ ಜೋಡಣೆಯ ಒಂದು ಬಗೆಯಲ್ಲಿ ಒಳಮೂತಿ 14 ಮಿ.ಮೀ. ಅಗಲ. 120 ಬಾರ್ ಒತ್ತಡ ಅಷ್ಟಗಲದ ಮೇಲೆ ಬಿದ್ದರೆ ಸುಮಾರು 185 ಕೆ.ಜಿ. ತೂಕ ಹೇರಿದಷ್ಟು ಬಲದಿಂದ ಪೈಪು ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಲೋಹಕ್ಕೆ ಲೋಹ ಅಷ್ಟು ಬಿಗಿಯಾಗಿ ಒತ್ತಿಕೊಂಡಾಗ ತಿರುಗುವುದು ಎಲ್ಲಿಂದ ಬಂತು? ಕ್ವಿಕ್ ಕನೆಕ್ಟರ್‌ನದೂ ಹೆಚ್ಚು ಕಡಿಮೆ ಇದೇ ಕಥೆ. ಒತ್ತಡದಲ್ಲೇ ಬಲವಂತವಾಗಿ ತಿರುಗಿಸುತ್ತಿದ್ದರೆ ಓ-ರಿಂಗ್ ಸವೆದು ಸೋರತೊಡಗುತ್ತದೆ. ಬೇಕಾದದ್ದು ಒಳಗೆ ಬಾಲ್ ಬೇರಿಂಗ್ ಇರುವ ಸ್ವಿವೆಲ್. ಆ ಭಾರವನ್ನು ಗುಂಡುಗಳು ಹೊರುವುದರಿಂದ ನೀರು ಹರಿಯುತ್ತಿರುವಾಗಲೂ ತುದಿ ತಿರುಗುತ್ತದೆ, ಹುರಿಗೆ ಹೊರಹೋಗಲು ದಾರಿ ಸಿಗುತ್ತದೆ. ಅದನ್ನು ಗನ್ನಿನ ಬುಡದಲ್ಲೇ ಹಾಕಿಸಬೇಕು.

ಕೊನೆಯ ತಪ್ಪು ಕಲ್ಪನೆ ಅಪಾಯದ್ದು: ಕುಣಿಕೆ ಬಿದ್ದರೆ ಜೋರಾಗಿ ಜಗ್ಗಿದರಾಯಿತು, ತೂತಾದರೆ ಟೇಪು ಸುತ್ತಿದರಾಯಿತು ಎನ್ನುವುದು. ಜಗ್ಗಿದರೆ ಕುಣಿಕೆ ಚೂಪಾದ ಮಡಿಕೆಯಾಗಿ, ಒಳಗಿನ ಹೆಣಿಗೆಯ ತಂತಿ ಅಲ್ಲಿ ತುಂಡಾಗುತ್ತದೆ. ಟ್ರಿಗರ್ ಬಿಟ್ಟಾಗ ಮನೆಬಳಕೆಯ ಹಲವು ಯಂತ್ರಗಳ ಮೋಟಾರು ನಿಂತರೂ ಪೈಪಿನೊಳಗೆ ಒತ್ತಡ ಹಾಗೇ ಉಳಿದಿರುತ್ತದೆ. ಆದ್ದರಿಂದ ಸ್ವಿಚ್ ಆರಿಸಿ, ನಲ್ಲಿ ಮುಚ್ಚಿ, ಟ್ರಿಗರ್ ಒತ್ತಿ ನೀರು ಪೂರ್ತಿ ನಿಂತ ಮೇಲೆ ಗನ್ನು ಬಿಚ್ಚಿ, ಆಮೇಲೆ ಕುಣಿಕೆ ಬಿಡಿಸಿ. ಸೂಜಿತೂತಿನಿಂದ ಚಿಮ್ಮುವ ನೀರನ್ನು ಕೈಯಿಂದ ತಡವಿ ಹುಡುಕಲೇಬೇಡಿ. ಅದು ಚರ್ಮ ತೂರಿ ಒಳಕ್ಕೆ ನುಗ್ಗಬಲ್ಲದು. ಮೇಲೆ ಕಾಣುವುದು ಸಣ್ಣ ಚುಕ್ಕೆ, ಮೊದಮೊದಲು ನೋವೂ ಕಡಿಮೆ. ಒಳಗಿನ ಹಾನಿಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, ಹೈ ಪ್ರೆಷರ್ ನೀರು ಹೊಕ್ಕ ಗಾಯ ಎಂದು ಸ್ಪಷ್ಟವಾಗಿ ಹೇಳಿ.

ತೂತಾದ ಪೈಪನ್ನು ಬದಲಿಸಲೇಬೇಕು. ಹೊಸದರ ಮೇಲೆ ಮುದ್ರಿಸಿದ ಬಾರ್ ಅಂಕಿ ನಿಮ್ಮ ಯಂತ್ರದ ಗರಿಷ್ಠ ಒತ್ತಡಕ್ಕಿಂತ ಕಡಿಮೆ ಇರಕೂಡದು. ಎಂ22 ಜೋಡಣೆಯಲ್ಲೂ 14 ಮಿ.ಮೀ. ಮತ್ತು 15 ಮಿ.ಮೀ. ಒಳಮೂತಿಯ ಎರಡು ಬಗೆಗಳಿವೆ, ಥ್ರೆಡ್ ಎರಡಕ್ಕೂ ಒಂದೇ. 14ರದ್ದನ್ನು 15ಕ್ಕೆ ಹಾಕಿದರೆ ನಟ್ಟು ಕಚ್ಚುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ. ಅಂಗಡಿಗೆ ಹೋಗುವಾಗ ಹಳೆಯ ಪೈಪನ್ನೂ ಜೊತೆಗೆ ಒಯ್ಯಿರಿ.