ಕೋವಿಯ ಬಾಯಿಂದ ಇಳಿಯುವ ಸೀಸ

ತುಂಬುವಾಗ ಗುಂಡು ಸಲೀಸಾಗಿ ಇಳಿಯಬೇಕು, ಹಾರುವಾಗ ನಳಿಗೆಗೆ ಬಿಗಿಯಾಗಿ ಕೂತಿರಬೇಕು. ಬಾಯಿಂದ ಮದ್ದು ತುಂಬುವ ರೈಫಲ್‌ಗಳನ್ನು ಬಹುಕಾಲ ಕಾಡಿದ ತೊಡಕು ಇದೇ.

ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವುಗಳ ಹಿಡಿತಕ್ಕೆ ಸಿಕ್ಕ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಸಾಗುತ್ತದೆ. 18ನೇ ಶತಮಾನದ ಅಮೆರಿಕದ ಬೇಟೆಗಾರರು ನಳಿಗೆಗಿಂತ ಕೊಂಚ ಸಣ್ಣದಾದ ಸೀಸದ ಗೋಲಿಗೆ ಜಿಡ್ಡು ಸವರಿದ ಬಟ್ಟೆ ಸುತ್ತಿ, ಸಲಾಕೆಯಿಂದ ಮದ್ದಿನ ಮೇಲಕ್ಕೆ ದೂಡುತ್ತಿದ್ದರು. ಗೀರುಗಳನ್ನು ಹಿಡಿಯುತ್ತಿದ್ದುದು ಆ ಬಟ್ಟೆ. ಗುಂಡಿಗೂ ಮದ್ದಿಗೂ ನಡುವೆ ಜಾಗ ಉಳಿಯುವಂತಿಲ್ಲ; ಉಳಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಗುರಿ ಅಚ್ಚುಕಟ್ಟು, ಆದರೆ ಕೆಲಸ ನಿಧಾನ. ಬೇಟೆಗೆ ಸಾಕು, ಯುದ್ಧಕ್ಕೆ ಸಾಲದು.

1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಕ್ಲೋಡ್ ಎತಿಯೆನ್ ಮಿನಿಯೆ ರೂಪಿಸಿದ ಗುಂಡಿನ ಮೂತಿ ಚೂಪು, ಬುಡ ಟೊಳ್ಳು. ನಳಿಗೆಗಿಂತ ಸಣ್ಣದಾದ್ದರಿಂದ ಸರಕ್ಕನೆ ಇಳಿಯುತ್ತದೆ. ಮದ್ದು ಹೊತ್ತಿದಾಗ ಅನಿಲದ ಒತ್ತಡಕ್ಕೆ ಬುಡ ಅರಳಿ ಗೀರುಗಳನ್ನು ಕಚ್ಚುತ್ತದೆ. ಅದಕ್ಕೆಂದೇ ಮೆತ್ತನೆಯ ಸೀಸ ಬೇಕು. ಗಟ್ಟಿ ಮಿಶ್ರಲೋಹ ಸರಿಯಾಗಿ ಅರಳದು. ಎಷ್ಟು ಸರಳ, ಎಷ್ಟು ಜಾಣ ಉಪಾಯ! ಫಲ ಮಾತ್ರ ಘೋರ. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಇದೇ ಬಗೆಯ ಗುಂಡುಗಳು ಎಲುಬುಗಳನ್ನು ನುಚ್ಚುನೂರು ಮಾಡಿ, ಸಾವಿರಾರು ಸೈನಿಕರು ಕೈಕಾಲು ಕಳೆದುಕೊಂಡರು.

1853ರ ಎನ್‌ಫೀಲ್ಡ್ ರೈಫಲ್ಲಿನದೂ ಇದೇ ತತ್ತ್ವ. ಗುಂಡು, ಮದ್ದು ಎರಡೂ ಜಿಡ್ಡು ಸವರಿದ ಕಾಗದದ ತೋಟಾದಲ್ಲಿ. ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಆ ಜಿಡ್ಡು ದನದ, ಹಂದಿಯ ಕೊಬ್ಬೆಂಬ ಸುದ್ದಿ ಭಾರತದ ಸಿಪಾಯಿಗಳಲ್ಲಿ ಹಬ್ಬಿತು. ಕೈಯಿಂದಲೇ ಹರಿಯಬಹುದೆಂದು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಕವಾಯತು ಬದಲಿಸಿದರೂ ಅನುಮಾನ ಕರಗಲಿಲ್ಲ. 1857ರ ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದರು.